ಮನೆಮಗಳ ಸಹಿ

ಹಾಂಗ್‌ಕಾಂಗ್‌ನ ಭಾನುವಾರ, ಮನೆಗೆಲಸದವರಿಗೆ ರಜೆ. ಫಿಲಿಪೀನ್ಸಿನ ತಮ್ಮ ಮನೆಗಳಿಗೆ ಸಾಮಾನಿನ ಪೆಟ್ಟಿಗೆ ಕಳಿಸುವ ಸಾಲಿನಲ್ಲಿ ನಿಂತಿದ್ದ ಲಿಗಾಯಾಳ ಬೆನ್ನ ಹಿಂದೆ ಇಬ್ಬರು ಮನೆಗೆಲಸದ ಹೆಂಗಸರು ಮಾತಾಡುತ್ತಿದ್ದರು.

“ಕೆಲಸ ಹೋಯ್ತಂತೆ, ಅಕ್ಕಾ?”

“ಮನೆಯವರು ಕೆನಡಾಕ್ಕೆ ಹೊರಟ್ರು. ‘ನಾನೇ ಕೆಲಸ ಬಿಟ್ಟೆ’ ಅಂತ ಸಹಿ ಹಾಕು ಅಂದ್ರು ಅಮ್ಮಾವ್ರು. ಹಾಕಿದ್ರೆ, ಕೆಲಸದಿಂದ ತೆಗೆದೋರು ಕೊಡ್ಬೇಕಾದ ಪರಿಹಾರ ಇಲ್ಲ.”

“ಬಾಯಿ ಮಾಡಿದ್ರಾ?”

“ಇಲ್ಲ, ಅತ್ರು. ‘ನೀನು ಮನೆಮಗಳು’ ಅಂದ್ರು.”

“ಹಾಕಿರ್ತೀಯ ಬಿಡು. ನಿನ್ನ ಮನಸ್ಸು ಬೆಣ್ಣೆ.”

“ನಾನೂ ಅತ್ಬಿಟ್ಟೆ. ಅವ್ರಿಗೆ ಶುಂಠಿಗಂಜಿ ಮಾಡಿ ಕುಡಿಸ್ದೆ. ಆಮೇಲೆ ಕೇಳ್ದೆ, ‘ಮನೆಮಗಳನ್ನ ಬರಿಗೈಲಿ ಕಳಿಸ್ತಾರಾ, ಅಮ್ಮಾ?’”

“ಅದಕ್ಕೆ?”

“ಕಾಗದ ಹರಿದುಹಾಕಿದ್ರು.”

“ನಿಂಗೆ ಅಷ್ಟು ಧೈರ್ಯ ಎಲ್ಲಿತ್ತಕ್ಕಾ?”

“ಇರ್ಲಿಲ್ಲ. ಗಂಜಿ ತಿರುವೋವಾಗ ಬಂತು.”

ಸಾಲು ಸರಿಯಿತು. ಲಿಗಾಯಾ ತನ್ನ ಪೆಟ್ಟಿಗೆಯನ್ನು ಪಕ್ಕಕ್ಕೆಳೆದು ಅವರಿಗೆ ದಾರಿ ಬಿಟ್ಟಳು. ಅವರು ಮುಂದೆ ಹೋದರು.