ಬಾಗಿಲ ಆಚೆಯ ತಾಳ

ಔಷಧಿ ಅಂಗಡಿಯ ಮುಂದೆ ಸೀಮೆಸುಣ್ಣದ ವೃತ್ತಗಳು. ನನ್ನ ಮುಂದಿನ ಎರಡರಲ್ಲಿ ಅಕ್ಕತಂಗಿಯರು ನಿಂತಿದ್ದರು. ಮುಖಕ್ಕೆ ಮಾಸ್ಕು, ನಡುವೆ ಆರಡಿ ಅಂತರ. ಹಾಗಾಗಿ ಮನೆಯ ಗುಟ್ಟಿನ ಮಾತೆಲ್ಲ ಗಟ್ಟಿಯಾಗಿಯೇ ನಡೆಯಿತು.

“ಮಗಳ ಪಿಟೀಲು ಪರೀಕ್ಷೆ ಏನಾಯ್ತಕ್ಕಾ?”

“ವಿಡಿಯೊ ವಾಪಸ್ ಬಂತು. ಯಾರೋ ತಾಳ ಹಾಕೋದು ಕೇಳ್ಸುತ್ತಂತೆ. ಪಕ್ಕದಲ್ಲಿ ಯಾರೂ ಇರಬಾರದು, ಇನ್ನೊಂದ್ಸಲ ನುಡಿಸಿ ಕಳ್ಸಿ ಅಂದಿದಾರೆ.”

“ಯಾರಿದ್ರು ಪಕ್ಕದಲ್ಲಿ?”

“ಪಕ್ಕದಲ್ಲೆಲ್ಲಿ ಬಂತು? ನಿಮ್ಮ ಭಾವ ಪಾಸಿಟಿವ್ ಅಂತ ಒಳಕೋಣೆ ಸೇರಿ ಒಂಬತ್ತು ದಿನ ಆಯ್ತಲ್ಲ. ಒಳಗಿಂದಾನೇ ಬಾಗಿಲ ಮೇಲೆ ತಾಳ ಹಾಕಿದಾರೆ.”

“ಭಾವಂಗೆ ತಾಳ ಬರುತ್ತಾ?”

“ಬಸ್ ಓಡಿಸೋರಿಗೆ ಯಾರು ಹೇಳ್ಕೊಡ್ತಾರೆ? ಆರು ವರ್ಷ ಅವಳನ್ನ ಪಾಠಕ್ಕೆ ಬಿಟ್ಟು, ಹೊರಗೆ ಮೆಟ್ಟಿಲ ಮೇಲೆ ಕೂತು ಕಲ್ತಿದ್ದು.”

“ಹತ್ತು ನಿಮಿಷ ಸುಮ್ನಿರಿ ಅಂತ ಅವರಿಗೆ ಹೇಳಿ, ಮತ್ತೆ ಮಾಡ್ಸು. ಹಟಕ್ಕೆ ಬಿದ್ದು ಒಂದು ವರ್ಷ ಹಾಳು ಮಾಡ್ಕೋಬೇಡಿ.”

“ಅವಳೇ ಆಗಲ್ಲ ಅಂದ್ಲು. ಅದೇ ವಿಡಿಯೊ ತಿರುಗಿ ಕಳ್ಸಿದಾಳೆ. ಅಪ್ಪ ಬಾಗಿಲ ಆಚೆ ಇದ್ರು, ತಾಳ ತಪ್ಪಿಲ್ಲ, ಬೇಕಾದ್ರೆ ಎಣಿಸಿ ನೋಡಿ ಅಂತ ಬರೆದು.”

“ನೀನಾದ್ರೂ ಬುದ್ಧಿ ಹೇಳ್ಬಾರ್ದಾ?”

“ಹೇಳಲ್ಲ. ಈ ಒಂಬತ್ತು ದಿನ ಆ ಬಾಗಿಲಿಂದ ನಾವು ಕೇಳಿದ್ದು ಎರಡೇ ಸದ್ದು. ಒಂದು ಕೆಮ್ಮು, ಇನ್ನೊಂದು ತಾಳ. ಯಾವ ಪರೀಕ್ಷೆಗೋಸ್ಕರಾನೂ ನಾನು ಅವರಿಗೆ ತಾಳ ನಿಲ್ಸಿ ಅನ್ನಲ್ಲ.”

ಅಂಗಡಿಯವನು ಕೈ ಬೀಸಿ ಕರೆದ. ಅಕ್ಕ ಮುಂದೆ ಹೋಗಿ ಚೀಟಿ ಚಾಚಿದಳು.

“ಕೆಮ್ಮಿಗೆ ಕೊಡಿ,” ಎಂದಳು. “ಅದೊಂದು ನಿಲ್ಲಬೇಕು.”