ಬೀಗದವನ ಮನೆಯ ನಕ್ಷೆ

"ಹಲೋ! ಯಾರ್ರೀ ಮಾತಾಡೋದು? ಆಗಲೇ ಫಟ್ ಅಂತ ಫೋನ್ ಇಟ್ಟಿದ್ದು ನೀವೇನಾ? … ಹಾಂ, ಇಂಗ್ಲಿಷ್ ಮೇಡಂ. ನಾನೇ, ಬೀಗ ರಿಪೇರಿಯವನು, ನಿಮ್ಮ ಮೂರನೇ ಕ್ಲಾಸಿನ ಪುಟ್ಟಿಯ ಅಪ್ಪ. … ಕಿರುಚ್ತಿಲ್ಲ ಕಣ್ರೀ, ನನ್ನ ಗಂಟಲೇ ಹೀಗೆ. ಕೇಳಿದ್ದಕ್ಕೆ ಉತ್ತರ ಕೊಡಿ. ನಮ್ಮನೆ ಕೀಲಿ ಎಲ್ಲಿರುತ್ತೆ ಅಂತ ತಿಳ್ಕೊಂಡು ನಿಮಗೇನಾಗ್ಬೇಕು?"

ಇಪ್ಪತ್ತೆರಡು ವರ್ಷದಿಂದ ಊರವರ ಬೀಗ ಬಿಚ್ಚಿ ಜೋಡಿಸುತ್ತ ಬಂದವನಿಗೆ ಕಬ್ಬಿಣವೊಂದನ್ನು ಬಿಟ್ಟು ಬೇರೆ ಯಾವುದರ ಮೇಲೂ ನಂಬಿಕೆಯಿರಲಿಲ್ಲ. ಈಗ ಸಿಗ್ನಲ್ಲಿಗಾಗಿ ಕಿಟಕಿಗೆ ಮುಖ ಮಾಡಿ, ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ. ತೊಡೆಯ ಮೇಲೆ ಮಗಳ ನೋಟ್‌ಬುಕ್. ಪುಟದ ತುಂಬ ಅವನದೇ ಮನೆಯ ನಕ್ಷೆ: ಬಾಗಿಲು, ಮಂಚ, ಕಪಾಟು. ಪ್ರತಿ ಚಿತ್ರದ ಪಕ್ಕ ಒಂದು ಇಂಗ್ಲಿಷ್ ಸಾಲು, ಅದರ ಕೆಳಗೆ ಕನ್ನಡದ ಅರ್ಥ. ಇಂಗ್ಲಿಷ್ ಅವನಿಗೆ ಬಾರದು. ಎದೆ ಧಸಕ್ಕೆನ್ನಲು ಕನ್ನಡವೇ ಸಾಕಾಗಿತ್ತು.

"ಪಾಠಾನಾ? ಇದ್ಯಾವ ಸೀಮೆ ಪಾಠ? ಓದ್ತೀನಿ ಕೇಳಿ. 'ಕೀಲಿಗೊಂಚಲು ಅಪ್ಪನ ದಿಂಬಿನ ಕೆಳಗಿದೆ.' 'ಅಮ್ಮನ ಬಳೆ ಹಿಟ್ಟಿನ ಡಬ್ಬಿಯೊಳಗಿದೆ.' 'ಅಪ್ಪ ಎಂಟು ಗಂಟೆಗೆ ಮನೆಯಿಂದ ಹೊರಗೆ ಹೋಗುತ್ತಾರೆ.' ಇನ್ನು ಕಳ್ಳನ ಕೈಗೊಂದು ಚೀಲ ಕೊಟ್ರೆ ಮುಗೀತು, ಅಲ್ವಾ?"

"… ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ನಿಮ್ಮನ್ನ ಕಳ್ಳಿ ಅಂದೆನಾ ನಾನು?"

"… ಇನ್, ಆನ್, ಅಂಡರ್… ಆಯ್ತಮ್ಮ, ಅದನ್ನ ಬೆಂಚು, ಡಸ್ಟರ್ ಇಟ್ಕೊಂಡು ಹೇಳಿಕೊಡಿ. … ಮಾಡಿಸಿದ್ರಾ? ಬೆಂಚಿನ ಮೇಲೆ ಹತ್ತಿಸಿ, ಕೆಳಗೆ ತೂರಿಸಿ? ಅದಕ್ಕೇ ಇವಳು ಮಂಡಿ ತರಚಿಕೊಂಡು ಬಂದಿದ್ದು. … ಸ್ವಂತ ಮನೆ ಬರೆದ್ರೆ ಮರೆಯಲ್ಲ ಅಂತೀರಾ? ಹಾಂ. ಓದಿದೋರೂ ಮರೆಯಲ್ಲ."

"ಇಂಥ ಪುಸ್ತಕ ಎಷ್ಟಿದೆ ನಿಮ್ಮ ಹತ್ರ? … ಮೂವತ್ನಾಲ್ಕು! ಮೂವತ್ನಾಲ್ಕು ಮನೆ ಕೀಲಿ! ನಿಮ್ಮ ಯಜಮಾನ್ರಿಗೆ ಏನು ಕೆಲಸ? … ಸುಮ್ನೆ ಕೇಳಿದೆ. ಅದಕ್ಯಾಕೆ ತಡವರಿಸ್ತೀರಿ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವನ ಬೆನ್ನ ಹಿಂದೆಯೇ ಹಾದು ಮಲಗುವ ಕೋಣೆಗೆ ಹೋದಳು. ಅವನು ತಿರುಗಲಿಲ್ಲ. ವಾರಕ್ಕೊಮ್ಮೆ, ಇವತ್ತಿನಂತೆ ಅವನು ಮನೆಯಲ್ಲಿರುವ ಭಾನುವಾರ ಮಾತ್ರ, ಮುಂಬಾಗಿಲ ಬೀಗ ಬಾಯಿ ತೆರೆದು ಹೊರಗಡೆ ಸುಮ್ಮನೆ ನೇತಾಡುತ್ತಿತ್ತು.

"ಏನಂದ್ರಿ? … ನೀವೇ ನನಗೆ ಫೋನ್ ಮಾಡ್ಬೇಕು ಅಂತಿದ್ರಾ? ಯಾಕೆ? … ಕೊನೇ ಮೂರು ಸಾಲಾ? ಇರಿ. 'ಅಪ್ಪ ಹೊರಗಿನಿಂದ ಬಾಗಿಲಿಗೆ ಬೀಗ ಹಾಕುತ್ತಾರೆ. ಅಮ್ಮ ಒಳಗೆ ಇರುತ್ತಾಳೆ. ಅಮ್ಮ ಕಿಟಕಿಯ ಪಕ್ಕ ನಿಲ್ಲುತ್ತಾಳೆ.' … ಹೌದು, ಹಾಕ್ತೀನಿ. ಏನೀಗ?"

"… ಅವಳ ಒಳ್ಳೇದಕ್ಕೇ ಕಣ್ರೀ! ಕಾಲ ಕೆಟ್ಟಿದೆ, ಯಾರು ಬರ್ತಾರೋ, ಯಾರು ಹೋಗ್ತಾರೋ. … ಬೆಂಕಿ ಬಿದ್ರೆ? ಬಿಡ್ತು ಅನ್ನಿ! … ಅವಳನ್ನ ಕೇಳೋದೇನಿದೆ? ಒಂಬತ್ತು ವರ್ಷದಲ್ಲಿ ಒಂದಿನ ತುಟಿ ಪಿಟಕ್ಕಂದಿಲ್ಲ. … ನಿಮ್ಮ ಹತ್ರ ಏನಾದ್ರೂ ಅಂದ್ಲಾ? … ಇಲ್ವಾ? ನಿಜವಾಗ್ಲೂ ಇಲ್ವಾ?"

ಪುಟ ತಿರುಗಿಸಿದ. ಅಲ್ಲಿ ಮನೆಯಿರಲಿಲ್ಲ, ದಾರಿಯಿತ್ತು. ಕೆಂಪು ಪೆನ್ಸಿಲ್ಲಿನ ಬಾಣಗಳು ಒಂದರ ಹಿಂದೊಂದು.

"ಇದೇನ್ರೀ ಇದು? 'ಚೀಲ ಮಂಚದ ಕೆಳಗಿದೆ. ನಾನು, ಅಮ್ಮ ಬಾಗಿಲಿನಿಂದ ಹೊರಗೆ ಹೋಗುತ್ತೇವೆ. ಸೇತುವೆಯ ಮೇಲೆ ನಡೆಯುತ್ತೇವೆ. ಬಸ್ಸಿನೊಳಗೆ ಹತ್ತುತ್ತೇವೆ. ದೊಡ್ಡಮ್ಮನ ಮನೆಗೆ ಹೋಗುತ್ತೇವೆ.' … ಯಾರು ಬರೆಸಿದ್ದು? ಇದರಲ್ಲಿ ನಿಮ್ಮ ಕೈವಾಡ ಇದೆ ಅಲ್ವಾ? … ಹೋಗೋದು, ಬರೋದು ಎರಡೂ ಬರೀರಿ ಅಂದಿದ್ರಾ?"

"… ಬರೋದು ಬರೆದಿಲ್ಲ, ಮೇಡಂ. ಅರ್ಧ ಪುಟ ಖಾಲಿ ಬಿಟ್ಟಿದ್ದಾಳೆ."

ಎದ್ದು ಕೋಣೆಗೆ ಹೋಗಿ ಬಗ್ಗಿ ನೋಡಿದ. ಮಂಚದ ಕೆಳಗೆ ಧೂಳಿನ ನಡುವೆ ಚೀಲದಗಲ ಜಾಗ ಚೊಕ್ಕಟವಾಗಿತ್ತು.

"ಏ ಇವಳೇ! ಪುಟ್ಟೀ!"

ಉತ್ತರವಾಗಿ ಮುಂಬಾಗಿಲ ಹೊರಗೆ ಚಿಲಕ ಸರಿಯಿತು, ಅದರ ಹಿಂದೆಯೇ 'ಟಕ್' ಎಂದಿತು. ಆ ಸದ್ದು ಅವನಿಗೆ ಗೊತ್ತು. ಅವನ ಅಂಗಡಿಯಲ್ಲೇ ಅತ್ಯಂತ ಗಟ್ಟಿಯಾದ ಬೀಗ. ಒತ್ತಿದರೆ ಸಾಕು, ಬೀಳುತ್ತದೆ. ತೆಗೆಯಲು ಮಾತ್ರ ಕೀಲಿ ಬೇಕು. ದಿಂಬು ಎತ್ತಿದ. ಗೊಂಚಲು ಇದ್ದಲ್ಲೇ ಇತ್ತು.

ಕಿಟಕಿಗೆ ಓಡಿ ಬಂದ. ಹೆಂಡತಿ ಮಗಳ ಕೈ ಹಿಡಿದು ಆಗಲೇ ಬೀದಿಯ ಕೊನೆಯ ಸೇತುವೆ ಹತ್ತಿದ್ದಳು. ಮಗಳು ಒಂದು ಸಲ ತಿರುಗಿ ನೋಡಿದಳು. ತಾಯಿ ನೋಡಲಿಲ್ಲ.

"ಮೇಡಂ… ಇದ್ದೀರಾ? … ಬಯ್ಯಲ್ಲ, ಇನ್ನು ಬಯ್ಯಲ್ಲ. ನಮ್ಮ ಬೀದಿ ಗೊತ್ತಲ್ವಾ ನಿಮಗೆ? ಬೇಗ ಬನ್ನಿ. ಕೀಲಿ ದಿಂಬಿನ ಕೆಳಗೇ ಇದೆ, ನಾನು ಒಳಗಿದ್ದೀನಿ. ಕಿಟಕಿಯಿಂದ ಕೊಡ್ತೀನಿ, ನೀವು ಹೊರಗಿನಿಂದ… ಹಲೋ? ಮೇಡಂ? … ಹಲೋ…"