ಪಕ್ಕದ ಸೀಟಿನ ಪೆಡಲ್

ದೀಪ ಇರಲಿ, ಆರಿಸಬೇಡಿ. ಆಮೇಲೆ ಎಲ್ಲವನ್ನೂ ಕತ್ತಲಿನ ತಲೆಗೆ ಕಟ್ಟಿಬಿಡ್ತೀರಿ. ನಾನು ಬಿ.ಎಸ್ಸಿ. ಓದಿದವನು. ಇಪ್ಪತ್ತೊಂಬತ್ತು ವರ್ಷ ವಿಮೆಯವರ ಪರವಾಗಿ ಗುದ್ದಿದ ಗಾಡಿಗಳನ್ನ ನೋಡಿ ವರದಿ ಬರೆದವನು. "ಮರವೇ ಅಡ್ಡ ಬಂತು ಸಾರ್" ಅನ್ನೋ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ. ಸುಳ್ಳಿಗೆ ಒಂದು ವಾಸನೆ ಇರುತ್ತೆ. ಇದಕ್ಕಿಲ್ಲ. ನನ್ನ ಚಿಕ್ಕಪ್ಪನ ಮಗಳಿಗೇ ಆದದ್ದು.

ಅವಳಿಗೆ ಮೊಂಡಕ್ಕ ಅಂತಲೇ ಹೆಸರು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ಆದರೂ ಅಕ್ಕ. ಮೊಂಡುತನದಲ್ಲಿ ಅವಳೇ ಹಿರಿಯಳು. ಒಂದು ಹಳೇ ಕಾರು ಇಟ್ಟುಕೊಂಡು ಜನಕ್ಕೆ ಡ್ರೈವಿಂಗ್ ಕಲಿಸ್ತಾಳೆ. ಕಲಿಸೋ ಕಾರಲ್ಲಿ ಪಕ್ಕದ ಸೀಟಿನ ಕಾಲಡಿಗೂ ಒಂದು ಜೊತೆ ಪೆಡಲ್ ಇರುತ್ತೆ, ಕಲಿಯೋನು ಗಾಬರಿಬಿದ್ದರೆ ಮೇಷ್ಟ್ರು ಒತ್ತೋದಕ್ಕೆ. ಅದನ್ನ ನೆನಪಿಟ್ಟುಕೊಳ್ಳಿ.

ಅವತ್ತು ರಾತ್ರಿ ಹನ್ನೊಂದು ದಾಟಿದ ಮೇಲೆ ಮೊಂಡಕ್ಕ ಹಾಳುಬಾವಿಯ ದಾರಿಯಲ್ಲಿ ನಡೆದು ಬರ್ತಿದ್ದಳು. ಕಾರು ಕಲಿಸೋಳು ನಡೆದು ಯಾಕೆ ಬಂದಳು ಅಂತೀರಾ? ಕಾರು ಕೈಕೊಟ್ಟಿತ್ತು. ಕ್ಲಚ್ ಒತ್ತಿದರೆ ಪೆಡಲ್ ನೆಲಕ್ಕೆ ಅಂಟಿಕೊಳ್ಳೋದು. ಗೇರ್ ಹಾಕಿದರೆ ಕರ್‌ರ್‌ರ್... ಹಲ್ಲು ಕಡಿದ ಹಾಗೆ. ಬೆಳಗ್ಗೆ ಒಂಬತ್ತಕ್ಕೆ ಸಾರಿಗೆ ಇಲಾಖೆಯವರ ತಪಾಸಣೆ ಬೇರೆ. ದಿಣ್ಣೆಯ ಮಧ್ಯೆ ನಿಲ್ಲಿಸಿ, ಹಿಂದಕ್ಕೆ ಜಾರದೆ ಮತ್ತೆ ಹೊರಡಬೇಕು. ಆಗದಿದ್ದರೆ ಪರವಾನಗಿ ರದ್ದು, ಸ್ಕೂಲಿಗೆ ಬೀಗ. ತಪಾಸಣೆ ಸಾಹೇಬರು ಮೊದಲೇ ಅಂದಿದ್ದರು, "ಇದನ್ನ ಗುಜರಿಗೆ ಹಾಕಿ ಮನೇಲಿ ಆರಾಮಾಗಿರಮ್ಮ."

"ಒಂಬತ್ತಕ್ಕೆ ಬರ್ತೀನಿ. ಅಲ್ಲೀತನಕ ನೀವು ಆರಾಮಾಗಿರಿ" ಅಂದಿದ್ದಳು ಇವಳು.

ಗಾಯದ ಮೇಲೆ ಬರೆ ಅನ್ನೋ ಹಾಗೆ, ಜೊತೆಗಿದ್ದ ಸ್ವಂತ ತಮ್ಮ ಅವತ್ತೇ ಎದುರು ಬೀದಿಯ ಹೊಸ ಸ್ಕೂಲಿಗೆ ಹಾರಿದ್ದ. ಹೋಗೋನು ಸುಮ್ಮನೆ ಹೋಗಬಾರದಾ? "ಕ್ಲಚ್ ಕೆಲಸಕ್ಕೆ ಇಬ್ಬರು ಬೇಕು ಅಕ್ಕ. ಒಬ್ಬಳೇ ಹೇಗೆ ಮಾಡ್ತೀಯೋ ನೋಡೋಣ" ಅಂದು ಹೋದ.

ಅವನು ಹೇಳಿದ್ದು ಸುಳ್ಳಲ್ಲ. ಪೆಡಲ್‌ನಿಂದ ಕ್ಲಚ್‌ವರೆಗೆ ಪೈಪಿನಲ್ಲಿ ಎಣ್ಣೆ ಇರುತ್ತೆ. ಒಳಗಿನ ರಬ್ಬರ್ ಸವೆದರೆ ಎಣ್ಣೆ ಸೋರುತ್ತೆ, ಗಾಳಿ ಸೇರುತ್ತೆ. ನೀವು ಒತ್ತಿದ ಬಲವೆಲ್ಲ ಆ ಗಾಳಿಯನ್ನ ಅಮುಕೋದಕ್ಕೇ ಖರ್ಚು. ರಬ್ಬರ್ ಬದಲಾಯಿಸೋದು ಒಬ್ಬರ ಕೆಲಸ. ಗಾಳಿ ತೆಗೆಯೋದು ಇಬ್ಬರದು. ಒಬ್ಬರು ಮೇಲೆ ಪೆಡಲ್ ಒತ್ತಿ ಹಿಡೀಬೇಕು. ಇನ್ನೊಬ್ಬರು ಕೆಳಗೆ ಮಲಗಿ ತಿರುಪು ಸಡಿಲಿಸಿ ಗಾಳಿ ಬಿಡಬೇಕು, ಬಿಗೀಬೇಕು. ಆಮೇಲಷ್ಟೇ ಪೆಡಲ್ ಬಿಡೋದು. ಬಿಗಿಯೋ ಮುಂಚೆ ಬಿಟ್ಟರೆ ಗಾಳಿ ವಾಪಸ್ ಒಳಗೆ. ಅದಕ್ಕೇ ಅಕ್ಕ ತಮ್ಮ ಒಂದು ಪದ್ಧತಿ ಮಾಡ್ಕೊಂಡಿದ್ದರು. ಇವಳು "ಒತ್ತು" ಅಂದರೆ ಅವನು "ಒತ್ತಿದೆ" ಅನ್ನಬೇಕು. "ಬಿಡು" ಅಂದರೆ "ಬಿಟ್ಟೆ".

ಪೇಟೆಯಲ್ಲಿ ಕೊಂಡ ರಬ್ಬರು, ಎಣ್ಣೆ ಡಬ್ಬಿ ಎರಡನ್ನೂ ಚೀಲಕ್ಕೆ ಹಾಕ್ಕೊಂಡು ಬರ್ತಿದ್ದಾಳೆ. ಬಾವಿ ದಾಟಿದಳು. ಹಿಂದೆ ಸದ್ದು.

ಪಚಕ್... ತಪ್. ಪಚಕ್... ತಪ್.

ಒಂದು ಕಾಲು ಒದ್ದೆ, ಒಂದು ಕಾಲು ಒಣ. ಇವಳು ನಿಂತರೆ ಅದೂ ನಿಲ್ಲುತ್ತೆ.

ಅಲ್ಲಿ ಹಿಂತಿರುಗಿ ನೋಡಬಾರದು, ಮಾತಾಡಿಸಬಾರದು, ಮಾತಾಡಿಸಿದರೆ ಬಾವಿಯಲ್ಲಿರೋದು ಮನೆತನಕ ಬರುತ್ತೆ... ಊರಿಗೆಲ್ಲ ಗೊತ್ತಿದ್ದದ್ದೇ. ಇವಳಿಗೂ ಗೊತ್ತು. ತಿರುಗಿದಳು. ಯಾರೂ ಇಲ್ಲ.

"ಬರೋದಾದರೆ ಬೇಗ ಬಾ" ಅಂದಳು ಮೆಲ್ಲಗೆ. "ನನಗೆ ಹೊತ್ತಾಗ್ತಿದೆ."

ಶೆಡ್ಡಿಗೆ ಬಂದು ರಬ್ಬರ್ ಹಾಕೋ ಹೊತ್ತಿಗೆ ಒಂದೂವರೆ. ಪೆಡಲ್‌ಗೆ ಇಟ್ಟಿಗೆ ಹೇರಿ ನೋಡಿದಳು, ಜಾರಿತು. ಕೋಲು ಆನಿಸಿದಳು, ಬಿತ್ತು. ಸಾಕಾಗಿ ಕಾರಿನಡಿ ಅಂಗಾತ ಮಲಗಿದಳು. ಎದೆ ಮೇಲೆ ಸ್ಪ್ಯಾನರ್. ಆಗ ಮೇಲೆ ಬಾಗಿಲು... ಕಿರ್ರ್... ಟಕ್. ಪಕ್ಕದ ಸೀಟಿನ ಸ್ಪ್ರಿಂಗು ಕುಂಯ್ ಅಂತು. ಯಾರೋ ಕೂತ ಹಾಗೆ.

ನೀವಾಗಿದ್ದರೆ ಓಡ್ತಿದ್ದಿರಿ. ನಾನಂತೂ ಚಪ್ಪಲಿಯನ್ನೂ ಹುಡುಕ್ತಿರಲಿಲ್ಲ. ಇವಳಿಗೆ ಕೋಪ ಬಂತಂತೆ.

"ಕೂತದ್ದಾಯ್ತಲ್ಲ, ಒತ್ತು."

 ಪೆಡಲ್... ಇಳೀತು. ತಿರುಪು ಸಡಿಲಿಸಿದಳು. ಬುಳಕ್... ಬುಳಕ್... ಗಾಳಿ ಬಂತು. ಬಿಗಿಯೋಕೆ ಕೈ ಹಾಕಿದಳು, ಅಷ್ಟರಲ್ಲಿ ಸುರ್‌ರ್... ಪೆಡಲ್ ಮೇಲೆ.

"ಬಿಡು ಅಂದೆನಾ? ಗಾಳಿಯೆಲ್ಲ ಒಳಗೆ ಹೋಯ್ತು. ಮೊದಲಿಂದ. ಈ ಸಲ ಬಾಯಿಬಿಟ್ಟು ಹೇಳಬೇಕು, ತಿಳೀತಾ? ಒತ್ತು."

ಪೆಡಲ್ ಇಳೀತು. ಇವಳು ತಿರುಪು ಮುಟ್ಟಲಿಲ್ಲ. ಕಾದಳು. 

ಮೇಲಿಂದ, ನೀರು ತುಂಬಿದ ಗಂಟಲಲ್ಲಿ... "ಒತ್ತಿದೆ."

ಇವಳ ಕೈಯಿಂದ ಸ್ಪ್ಯಾನರ್ ಜಾರಿಬಿತ್ತಂತೆ. ಜಾರಿಲ್ಲ ಅಂದಿದ್ದರೆ ನಾನು ಈ ಕತೆಯನ್ನೇ ನಂಬ್ತಿರಲಿಲ್ಲ. ಎತ್ತಿಕೊಂಡಳು, ಸಡಿಲಿಸಿದಳು, ಬಿಗಿದಳು.

"ಬಿಡು."

"...ಬಿಟ್ಟೆ."

ಹದಿನೇಳು ಸಲ. ಕೊನೆಗೆ ಗುಳ್ಳೆ ನಿಂತು ಬರೀ ಎಣ್ಣೆ ಬಂತು. "ಸಾಕು. ಇಳಿ" ಅಂದಳು. ಬಾಗಿಲಿನ ಸದ್ದು ಮಾತ್ರ ಆಗಲಿಲ್ಲ.

ಒಂಬತ್ತಕ್ಕೆ ದಿಣ್ಣೆ. ಇವಳು ಚಾಲಕಿ, ಪಕ್ಕದಲ್ಲಿ ಸಾಹೇಬರು. ಮಧ್ಯೆ ನಿಲ್ಲಿಸಿದಳು, ಹೊರಟಳು. ಕಾರು ಕೂದಲೆಳೆಯಷ್ಟೂ ಜಾರಲಿಲ್ಲ. ನೋಡೋದಕ್ಕೇ ಬಂದಿದ್ದ ತಮ್ಮನ ಮುಖ ಇಷ್ಟೇ ಇಷ್ಟಾಯ್ತು.

"ಪೆಡಲ್ ಯಾರು ಒತ್ತಿದ್ದು?" ಅಂತ ಕೇಳಿದ.

"ನಿನಗಿಂತ ಬೇಗ ಕಲಿತೋರು."

ಸಾಹೇಬರು ರುಜು ಹಾಕಿ ಇಳಿದರು, ಎಡಗಾಲು ಒದರಿದರು. ಬೂಟು ತೊಯ್ದಿತ್ತು. ಎಡಗಾಲಿನದು ಮಾತ್ರ. "ಗಾಡಿ ಸೋರುತ್ತೇನ್ರೀ?" ಅಂದರು.

"ಸೋರಲ್ಲ. ಒರೆಸ್ತೀನಿ" ಅಂದಳು ಮೊಂಡಕ್ಕ.

ಆಗಿ ಆರು ವರ್ಷ. ಆ ಕಾರು ಇನ್ನೂ ಓಡ್ತಿದೆ, ಸ್ಕೂಲೂ ನಡೀತಿದೆ. ಹೋದ ತಿಂಗಳು ನಾನೇ ಹೋಗಿ ಪಕ್ಕದ ಸೀಟಿನ ಕ್ಲಚ್ ಪೆಡಲ್ ಮುಟ್ಟಿದೆ. ಸುಡುಬೇಸಿಗೆ, ಮ್ಯಾಟ್ ಬಿಸಿಲಿಗೆ ಕಾದು ಒಣಗಿತ್ತು. ಪೆಡಲ್ ಒದ್ದೆ. ಕ್ಲಚ್ ಎಣ್ಣೆ ಇರಬಹುದು ಅಂತ ಬೆರಳಿಂದ ಉಜ್ಜಿ ನೋಡಿದೆ, ಮೂಸಿ ನೋಡಿದೆ. ಜೀವಮಾನವೆಲ್ಲ ಅದೇ ಕೆಲಸ ಮಾಡಿದವನು ನಾನು, ತಪ್ಪೋದಿಲ್ಲ.

ಎಣ್ಣೆ ಅಲ್ಲ. ನೀರು.